ಮೊದಲ ಗೇಮ್ ಜಾಮ್ ಎಂಟ್ರಿ: ಒಬ್ಬರಿಗೆ ತೀರಾ ಸುಲಭ, ಇನ್ನೊಬ್ಬರಿಗೆ ಮೊದಲ ಗೋಡೆಯೇ ಹತ್ತಲು ಆಗಲ್ಲ!

ಹೊಸಬ48

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮೊದಲ ಸಲ ಒಂದು ಗೇಮ್ ಜಾಮ್‌ಗೆ (ಕೊಟ್ಟ ಥೀಮ್ ಮೇಲೆ, ಕೊಟ್ಟ ಸಮಯದೊಳಗೆ ಗೇಮ್ ಮಾಡುವ ಸ್ಪರ್ಧೆ) ಇಳಿದೆ. 48 ಗಂಟೆ, ಒಬ್ಬನೇ, ಗೇಮ್ ಕಟ್ಟಲು ಬಳಸಿದ್ದು ಗೊಡೊ 4 ಎಂಜಿನ್. ಥೀಮ್ ‘ಕಡಿಮೆಯಾಗುತ್ತಾ ಹೋಗುವುದು’. ನಾನು ಮಾಡಿದ ಗೇಮ್ ಹೆಸರು ‘ಕೊನೇ ಬತ್ತಿ’. ಗುಹೆಯೊಳಗೆ ಒಬ್ಬ ಹುಡುಗ, ಕೈಯಲ್ಲಿ ದೀಪ. ಒಂದೊಂದು ಸಲ ಹಾರಿದಾಗಲೂ ಎಣ್ಣೆ ಸ್ವಲ್ಪ ಖರ್ಚಾಗುತ್ತದೆ, ಬೆಳಕಿನ ವೃತ್ತ ಚಿಕ್ಕದಾಗುತ್ತಾ ಬರುತ್ತದೆ. ಹಾಗಾಗಿ ಸುಮ್ನೆ ಹಾರಾಡುವಂತಿಲ್ಲ, ಲೆಕ್ಕ ಹಾಕಿ ಹಾರಬೇಕು. ಒಟ್ಟು 5 ಲೆವೆಲ್.

ನಿನ್ನೆ ಫಲಿತಾಂಶ ಬಂತು. 9 ಜನ ರೇಟಿಂಗ್ ಕೊಟ್ಟಿದ್ದಾರೆ, ಕೆಲವರು ಕಾಮೆಂಟ್ ಬರೆದಿದ್ದಾರೆ. ಓದಿ ತಲೆ ಕೆಟ್ಟಿತು. ಒಬ್ಬರು ‘ಎರಡು ನಿಮಿಷಕ್ಕೆ ಮುಗಿಯಿತು, ಗೋಡೆಗಳ ಮೇಲಿಂದಲೇ ಹಾರಿ ಹೋದೆ, ಇದರಲ್ಲಿ ಲೆಕ್ಕಾಚಾರ ಎಲ್ಲಿದೆ’ ಅಂತ. ಇನ್ನೊಬ್ಬರು ‘ಮೊದಲ ಗೋಡೆ ಹತ್ತಲೇ ಆಗಲಿಲ್ಲ, ಹತ್ತು ಸಲ ನೋಡಿ ಬಿಟ್ಟುಬಿಟ್ಟೆ’ ಅಂತ. ಮೂರನೆಯವರು ‘ಜಂಪ್ ಹದವಾಗಿದೆ, ತುಂಬಾ ಹಿಡಿಸಿತು’ ಅಂತ. ಒಂದೇ ಗೇಮ್, ಒಂದೇ ಲೆವೆಲ್! ಯಾರ ಮಾತು ಕೇಳಲಿ? ಜಂಪ್ ಜಾಸ್ತಿ ಮಾಡಲಾ, ಕಡಿಮೆ ಮಾಡಲಾ, ಅಥವಾ ಸುಲಭ, ಕಷ್ಟ ಅಂತ ಎರಡು ಮೋಡ್ ಕೊಡಲಾ? ಮುಚ್ಚುಮರೆ ಇಲ್ಲದೆ ಹೇಳಿ, ಬೇಜಾರಾಗಲ್ಲ. (ಸ್ವಲ್ಪ ಆಗುತ್ತದೆ.)

ಗುಂಡುಸೂಜಿ

ಮುಚ್ಚುಮರೆ ಬೇಡ ಅಂದಿರಿ, ಹಾಗಾಗಿ ನೇರ ಹೇಳುತ್ತೇನೆ. ಐಡಿಯಾ ಚೆನ್ನಾಗಿದೆ, ಥೀಮ್‌ಗೆ ಸರಿಯಾಗಿ ಕೂತಿದೆ. ಆದರೆ ಆಡುವುದಕ್ಕೆ ಹಿಂಸೆ. ಸತ್ತ ಮೇಲೆ ಪರದೆ ಕಪ್ಪಾಗಿ, ‘ದೀಪ ಆರಿತು’ ಅಂತ ಅಕ್ಷರ ಒಂದೊಂದೇ ಮೂಡಿ, ಮತ್ತೆ ಲೆವೆಲ್ ಶುರುವಾಗುವ ಹೊತ್ತಿಗೆ 4 ಸೆಕೆಂಡ್ ಆಗುತ್ತದೆ. ಮೊದಲ ಸಲ ನೋಡುವಾಗ ಚೆಂದ. ಹದಿನೈದನೇ ಸಲಕ್ಕೆ ಕೋಪ ಬಂತು. ಸಾಯಿಸುವ ಗೇಮ್ ಮಾಡುವವರು ಎಬ್ಬಿಸುವುದನ್ನೂ ಬೇಗ ಮಾಡಬೇಕು, ಅರ್ಧ ಸೆಕೆಂಡ್ ಸಾಕು. ಬೇಗ ಮತ್ತೆ ಶುರು ಮಾಡಲು ಒಂದು ಕೀ ಕೂಡ ಇಲ್ಲ.

ಮುಳ್ಳುಗಳದ್ದು ಇನ್ನೊಂದು ಕಥೆ. ಮುಳ್ಳಿನ ಚಿತ್ರ ತ್ರಿಕೋನ, ಆದರೆ ಅದರ ಹಿಂದಿರುವ ಕೊಲಿಷನ್ (ತಾಗಿದರೆ ಸಾಯುವ ಜಾಗ) ಪೂರ್ತಿ ಚೌಕ. ತುದಿಯ ಪಕ್ಕದ ಖಾಲಿ ಜಾಗದಲ್ಲಿ ಕಾಲಿಟ್ಟರೂ ಸಾಯುತ್ತೇನೆ. ಅಪಾಯದ ವಸ್ತುವಿನ ಕೊಲಿಷನ್ ಚಿತ್ರಕ್ಕಿಂತ ಒಂದು ಸುತ್ತು ಚಿಕ್ಕದಿರಲಿ. ಆಟಗಾರ ‘ಅಬ್ಬಾ, ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ’ ಅಂದುಕೊಳ್ಳುತ್ತಾನೆ. ಈಗ ‘ಮೋಸ’ ಅಂದುಕೊಳ್ಳುತ್ತಾನೆ.

ಇನ್ನು ಜಂಪ್. ತೀರಾ ಜಾಸ್ತಿ ಎತ್ತರಕ್ಕೆ ಹೋಗುತ್ತದೆ. ನನಗೂ ಗೋಡೆ ಮೇಲಿಂದಲೇ ಹೋಗಲು ಆಯಿತು. ಅರ್ಧಕ್ಕಿಂತ ಕಡಿಮೆ ಮಾಡಿ.

ಮೂರನೇಬೆಂಚ್

ಅಯ್ಯೋ ಬೇಡ ಬೇಡ! ಮೊದಲ ಗೋಡೆ ಹತ್ತಲಾಗದೆ ಬಿಟ್ಟವನು ನಾನೇ. ಹುಡುಗ ಗೋಡೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ಕೆಳಗೆ ಬೀಳುತ್ತಾನೆ, ಅಷ್ಟೇ. ಎರಡು ಸಲ ಒತ್ತಿದರೆ ಡಬಲ್ ಜಂಪ್ ಇರಬಹುದಾ ಅಂತ ನೋಡಿದೆ, ಓಡಿ ಬಂದು ಹಾರಿದೆ, ಗೋಡೆಗೆ ಅಂಟಿಕೊಂಡು ಹಾರಿದೆ. ಏನೂ ಆಗಲಿಲ್ಲ. ಇನ್ನೂ ಅರ್ಧ ಮಾಡಿದರೆ ಹುಡುಗ ನೆಲ ಬಿಡುವುದೇ ಇಲ್ಲ. ನಡೆಯುವುದೂ ತುಂಬಾ ನಿಧಾನ. ಎಣ್ಣೆ ಕಡಿಮೆಯಾಗಿ ಸುಸ್ತಾಗಿದ್ದಾನೆ ಅಂತ ನಾನು ಅಂದುಕೊಂಡಿದ್ದೆ.

ಗುಂಡುಸೂಜಿ

ನಿಧಾನವಾ? ನನಗೆ ಹುಡುಗ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡುತ್ತಿದ್ದ. ನಾವಿಬ್ಬರೂ ಆಡಿದ್ದು ಒಂದೇ ಗೇಮ್ ತಾನೇ?

ರಾತ್ರಿಪಾಳಿ

ತಡೀರಿ ತಡೀರಿ. ಇದು ಅಭಿಪ್ರಾಯದ ಜಗಳ ಅಲ್ಲ ಅನ್ನಿಸುತ್ತಿದೆ. ಇಬ್ಬರೂ ಎರಡು ವಿಷಯ ಹೇಳಿ: ನಿಮ್ಮ ಮಾನಿಟರ್ ಎಷ್ಟು ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ರಿಫ್ರೆಶ್ ಆಗುತ್ತದೆ), ಮೆಷಿನ್ ಹೇಗಿದೆ. ಬ್ರೌಸರ್‌ನಲ್ಲಿ ಓಡುವ ಗೇಮ್ ಸಾಮಾನ್ಯವಾಗಿ ಮಾನಿಟರ್ ಎಷ್ಟು ಸಲ ರಿಫ್ರೆಶ್ ಆಗುತ್ತದೋ ಅಷ್ಟು ಫ್ರೇಮ್ (ಒಂದೊಂದು ಸಲ ಬಿಡಿಸುವ ಚಿತ್ರ) ಓಡುತ್ತದೆ. ಮೆಷಿನ್‌ಗೆ ಶಕ್ತಿ ಸಾಲದಿದ್ದರೆ ಅದಕ್ಕಿಂತ ಕಡಿಮೆ.

ಹೊಸಬರೇ, ನೀವು ನಡೆಯುವ, ಹಾರುವ ಕೋಡ್ ಹೇಗೆ ಬರೆದಿದ್ದೀರಿ? ಸಾಲು ಸಾಲಾಗಿ ಹೇಳಿ.

ಗುಂಡುಸೂಜಿ

144.

ಮೂರನೇಬೆಂಚ್

ನನ್ನದು ಹಳೇ ಲ್ಯಾಪ್‌ಟಾಪ್. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ತೋರಿಸುವ ಆಪ್ಷನ್ ಹಾಕಿ ನೋಡಿದೆ, 30ರ ಆಸುಪಾಸಿನಲ್ಲೇ ಇರುತ್ತದೆ.

ಹೊಸಬ48

ನನ್ನದು 60. ಕೋಡ್ ಹೀಗಿದೆ: ಎಲ್ಲವೂ ಪ್ರತಿ ಫ್ರೇಮ್‌ಗೂ ಒಂದು ಸಲ ಓಡುವ ಪ್ರಾಸೆಸ್ ಫಂಕ್ಷನ್ ಒಳಗಿದೆ. ಪಕ್ಕಕ್ಕೆ ಒಂದು ಫ್ರೇಮ್‌ಗೆ 5 ಪಿಕ್ಸೆಲ್. ಹಾರಿದಾಗ ಮೇಲ್ಮುಖ ವೇಗ 12. ಆಮೇಲೆ ಪ್ರತಿ ಫ್ರೇಮ್‌ನಲ್ಲೂ ಗ್ರಾವಿಟಿ 36ಕ್ಕೆ ಡೆಲ್ಟಾ (ಹಿಂದಿನ ಫ್ರೇಮ್‌ನಿಂದ ಈ ಫ್ರೇಮ್‌ಗೆ ಕಳೆದ ಸಮಯ, ಸೆಕೆಂಡಿನಲ್ಲಿ) ಗುಣಿಸಿ ವೇಗಕ್ಕೆ ಸೇರಿಸುತ್ತೇನೆ. ಕೊನೆಗೆ ಆ ವೇಗವನ್ನು ಹಾಗೇ ಹುಡುಗನನ್ನು ಸರಿಸುವ ಮೂವ್ ಆಂಡ್ ಕೊಲೈಡ್ ಫಂಕ್ಷನ್‌ಗೆ ಕೊಡುತ್ತೇನೆ. ಡೆಲ್ಟಾ ಹಾಕಬೇಕು ಅಂತ ಎಲ್ಲೋ ನೋಡಿದ್ದೆ, ಅದಕ್ಕೇ ಗ್ರಾವಿಟಿಗೆ ಹಾಕಿದ್ದೇನೆ. ಒಂದು ಟೈಲ್ (ಲೆವೆಲ್ ಕಟ್ಟುವ ಚೌಕ) 32 ಪಿಕ್ಸೆಲ್, ಮೊದಲ ಗೋಡೆ 3 ಟೈಲ್ ಎತ್ತರ.

ರಾತ್ರಿಪಾಳಿ

ಸಿಕ್ಕಿತು ಕಳ್ಳ. ಡೆಲ್ಟಾ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಎರಡೂ ಕಡೆ ಇಲ್ಲದಿದ್ದರೆ ಇಷ್ಟು ತಮಾಷೆ ಆಗುತ್ತಿರಲಿಲ್ಲ. ಎಲ್ಲವೂ ವೇಗವಾಗಿ ಅಥವಾ ನಿಧಾನವಾಗಿ ಓಡುತ್ತಿತ್ತು, ಜಂಪಿನ ಎತ್ತರ ಮಾತ್ರ ಎಲ್ಲರಿಗೂ ಒಂದೇ ಇರುತ್ತಿತ್ತು. ಅರ್ಧ ಹಾಕಿದ್ದರಿಂದ ಎತ್ತರವೇ ಬದಲಾಗುತ್ತಿದೆ.

ಲೆಕ್ಕ ನೋಡಿ. ಜಂಪಿನ ಎತ್ತರ ಅಂದರೆ ಮೇಲ್ಮುಖ ವೇಗದ ವರ್ಗವನ್ನು ಗ್ರಾವಿಟಿಯ ಎರಡರಷ್ಟರಿಂದ ಭಾಗಿಸುವುದು, ಶಾಲೆಯಲ್ಲಿ ಓದಿದ್ದೇ. ನಿಮ್ಮ 60 ಫ್ರೇಮ್‌ನಲ್ಲಿ ಒಂದು ಫ್ರೇಮ್‌ಗೆ ಸೇರುವ ಗ್ರಾವಿಟಿ 36/60, ಅಂದರೆ 0.6. ಎತ್ತರ 144 ಭಾಗಿಸು 1.2, ಸುಮಾರು 120 ಪಿಕ್ಸೆಲ್. ಗೋಡೆ 96 ಪಿಕ್ಸೆಲ್. ಆರಾಮಾಗಿ ಹತ್ತಬಹುದು, ‘ಹದವಾಗಿದೆ’ ಅಂದವರ ಹತ್ತಿರ ಇದ್ದದ್ದೂ 60ರ ಮಾನಿಟರ್ರೇ ಇರಬೇಕು.

ಗುಂಡುಸೂಜಿಯವರ 144ರಲ್ಲಿ ಒಂದು ಫ್ರೇಮ್‌ನ ಗ್ರಾವಿಟಿ 0.25. ಎತ್ತರ 288 ಪಿಕ್ಸೆಲ್, 9 ಟೈಲ್! ಗೋಡೆ ಏನು, ಗುಹೆಯ ಚಾವಣಿಗೇ ತಲೆ ತಾಗಬೇಕು. ಪಕ್ಕದ ಓಟವೂ 2.4 ಪಟ್ಟು.

ಮೂರನೇಬೆಂಚ್ ಅವರ 30ರಲ್ಲಿ ಒಂದು ಫ್ರೇಮ್‌ನ ಗ್ರಾವಿಟಿ 1.2. ಎತ್ತರ 60 ಪಿಕ್ಸೆಲ್, ಎರಡು ಟೈಲ್ ಕೂಡ ಇಲ್ಲ. ಓಟ ಅರ್ಧ. ಅವರು ಹತ್ತು ಸಲ ಅಲ್ಲ, ಹತ್ತು ದಿನ ಹಾರಿದರೂ ಆ ಗೋಡೆ ಹತ್ತಲು ಆಗುತ್ತಿರಲಿಲ್ಲ.

ಇನ್ನೊಂದು ಮಜಾ ಏನು ಗೊತ್ತಾ, ಗಾಳಿಯಲ್ಲಿರುವ ಸಮಯ ಮೂವರಿಗೂ ಒಂದೇ, ಸೆಕೆಂಡಿನ ಮೂರನೇ ಎರಡು ಭಾಗ. ಅದಕ್ಕೇ ಜಾಮ್ ಕಾಮೆಂಟ್‌ಗಳಲ್ಲಿ ಯಾರೂ ‘ಗೇಮ್ ಫಾಸ್ಟ್ ಆಗಿ ಓಡುತ್ತಿದೆ’ ಅಂತ ದೂರಲಿಲ್ಲ, ದೂರಿದವರೆಲ್ಲ ‘ಜಂಪ್ ಸರಿ ಇಲ್ಲ’ ಅಂದರು.

ಹೊಸಬ48

ನಾನು ಆ ಕಾಮೆಂಟ್ ಓದಿ ಓದಿ, ಒಬ್ಬರಿಗೆ ಆಡಲು ಬರಲ್ಲ, ಇನ್ನೊಬ್ಬರು ಕೊಚ್ಚಿಕೊಳ್ಳುತ್ತಿದ್ದಾರೆ ಅಂತ ಮನಸ್ಸಲ್ಲೇ ಬೈದುಕೊಂಡಿದ್ದೆ. ಇಬ್ಬರಿಗೂ ಸಾರಿ.

ಬಾಣದಕೀ

ಸುಲಭದ ದಾರಿ ಹೇಳುತ್ತೇನೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ಸ್ ಎಫ್‌ಪಿಎಸ್ 60 ಅಂತ ಹಾಕಿಬಿಡಿ. ಒಂದು ನಿಮಿಷದ ಕೆಲಸ, ಮುಗಿಯಿತು.

ರಾತ್ರಿಪಾಳಿ

ಅದು ಮೇಲಿನ ಕಡೆ ಮುಚ್ಚಳ ಹಾಕುತ್ತದೆ, ಅಷ್ಟೇ. ಮೂರನೇಬೆಂಚ್ ಅವರ ಮೆಷಿನ್ 30 ಕೊಟ್ಟರೆ ಅವರು ಇನ್ನೂ ಗೋಡೆ ಕೆಳಗೇ ನಿಂತಿರುತ್ತಾರೆ. ಜಾಮ್ ಮುಗಿಯಲು ಹತ್ತು ನಿಮಿಷ ಇದೆ ಅಂದರೆ ನಾನೂ ಅದನ್ನೇ ಮಾಡುತ್ತೇನೆ, ಈಗ ಸಮಯ ಇದೆ.

ಸರಿಯಾದ ದಾರಿ: ಚಲನೆಯ ಕೋಡ್ ಪೂರ್ತಿ ಫಿಸಿಕ್ಸ್ ಪ್ರಾಸೆಸ್‌ಗೆ ಹಾಕಿ. ಅದು ಮಾನಿಟರ್ ಏನೇ ಇರಲಿ, ಸೆಕೆಂಡಿಗೆ 60 ಸಲ ಓಡುವಂತೆ ಮೊದಲೇ ಹೊಂದಿಸಿರುತ್ತದೆ. ಪರದೆ ನಿಧಾನವಾಗಿದ್ದರೆ ಒಂದು ಫ್ರೇಮ್‌ನಲ್ಲಿ ಎರಡು ಸಲ ಓಡಿ ಸರಿದೂಗಿಸುತ್ತದೆ. ಆಮೇಲೆ ಮೂವ್ ಆಂಡ್ ಕೊಲೈಡ್‌ಗೆ ಕೊಡುವಾಗ ವೇಗಕ್ಕೆ ಡೆಲ್ಟಾ ಗುಣಿಸಿ ಕೊಡಿ. ಮೂವ್ ಆಂಡ್ ಸ್ಲೈಡ್ ಬಳಸಿದರೆ ಗುಣಿಸಬೇಡಿ, ಅದು ತಾನೇ ಗುಣಿಸಿಕೊಳ್ಳುತ್ತದೆ. ಈ ಎರಡರ ಮಧ್ಯೆ ಎಡವದವರು ಯಾರೂ ಇಲ್ಲ, ನಾನು ಎರಡು ಪ್ರಾಜೆಕ್ಟ್‌ನಲ್ಲಿ ಎಡವಿದ್ದೇನೆ.

ಮ್ಯೂಟ್‌ಬಟನ್

ಜಂಪ್ ವಿಷಯ ಬಗೆಹರಿಯುತ್ತಿರುವಾಗ ಸದ್ದಿನ ಬಗ್ಗೆ ಎರಡು ಮಾತು, ಯಾಕೆಂದರೆ ಯಾರೂ ಹೇಳುತ್ತಿಲ್ಲ. ನಿಮ್ಮ ಗೇಮ್ ಶುರುವಾದಾಗ ಸಂಗೀತ ಇಲ್ಲ. ನಾನು ಯಾವುದೋ ಕೀ ಒತ್ತಿದ ತಕ್ಷಣ ಢಬ್ ಅಂತ ಪೂರ್ತಿ ವಾಲ್ಯೂಮ್‌ನಲ್ಲಿ ಶುರುವಾಯಿತು, ಹೆಡ್‌ಫೋನ್ ಕಿತ್ತೆಸೆದೆ. ಆಟಗಾರ ಕ್ಲಿಕ್ ಮಾಡುವವರೆಗೆ ಅಥವಾ ಕೀ ಒತ್ತುವವರೆಗೆ ಬ್ರೌಸರ್‌ಗಳು ಸದ್ದು ಬಿಡುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಅದಕ್ಕೇ ಎಲ್ಲರೂ ಮೊದಲು ‘ಶುರು ಮಾಡಲು ಕ್ಲಿಕ್ ಮಾಡಿ’ ಅಂತ ಒಂದು ಪರದೆ ಇಡುತ್ತಾರೆ. ಇದರಿಂದ ಇನ್ನೊಂದು ಲಾಭ: ಕ್ಲಿಕ್ ಆದ ಮೇಲೆ ಕೀಬೋರ್ಡ್ ಗೇಮಿನ ಕೈಗೆ ಬರುತ್ತದೆ. ಈಗ ಬಾಣದ ಕೀ ಒತ್ತಿದರೆ ಮೊದಲು ವೆಬ್ ಪುಟವೇ ಕೆಳಗೆ ಜಾರುತ್ತದೆ, ಹುಡುಗ ಕದಲುವುದಿಲ್ಲ.

ಆಮೇಲೆ ಎಣ್ಣೆ ಖರ್ಚಾಗುವಾಗ ಬರುವ ಆ ಚಿಕ್ಕ ‘ಚುಯ್’ ಸದ್ದು ಇದೆಯಲ್ಲ, ಅದು ನಿಮ್ಮ ಗೇಮಿನಲ್ಲೇ ಅತಿ ಒಳ್ಳೆಯ ವಿಷಯ. ಎಣ್ಣೆ ಮುಗಿಯುತ್ತಾ ಬಂದ ಹಾಗೆ ಅದರ ಪಿಚ್ ಏರುತ್ತದೆ, ನೋಡದೆಯೇ ಗಾಬರಿಯಾಗುತ್ತದೆ. ಸಂಗೀತ ಜೋರಾಗಿರುವುದರಿಂದ ಅದು ಕೇಳುವುದೇ ಇಲ್ಲ. ಸಂಗೀತ ಅರ್ಧಕ್ಕಿಳಿಸಿ.

ಚೌಕಚುಕ್ಕಿ

ಚಿತ್ರದ ಬಗ್ಗೆ ನಾನು. ಕೊನೆಯ ಎರಡು ಲೆವೆಲ್‌ನಲ್ಲಿ ನನಗೆ ಏನೂ ಕಾಣಿಸಲಿಲ್ಲ. ಕತ್ತಲೆಯ ಗೇಮ್ ಅಂತ ಗೊತ್ತು, ಆದರೆ ಬೆಳಕಿನ ವೃತ್ತದ ಹೊರಗೆ ನೀವು ಅಪ್ಪಟ ಕಪ್ಪು ಬಳಸಿದ್ದೀರಿ, ಒಳಗಿನ ಕಲ್ಲು ಕೂಡ ಕಡು ಬೂದು. ಕಿಟಕಿ ಪಕ್ಕ ಕೂತು ಆಡಿದವರಿಗೆ ಎರಡೂ ಒಂದೇ. ಕಪ್ಪಿನ ಬದಲು ಕಡು ನೀಲಿ ಹಾಕಿ, ಕಲ್ಲಿನ ಮೇಲಂಚಿಗೆ ಒಂದೇ ಒಂದು ಪಿಕ್ಸೆಲ್ ತಿಳಿ ಗೆರೆ ಎಳೆಯಿರಿ. ಎಲ್ಲಿ ನಿಲ್ಲಬಹುದು ಅನ್ನುವುದು ಗೊತ್ತಾಗಬೇಕು, ಉಳಿದದ್ದು ಕತ್ತಲೆಯಲ್ಲಿರಲಿ.

ಮತ್ತೆ, ಆ ಮೇನ್ ಮೆನು! ಹೊಗೆ, ಅಲುಗಾಡುವ ದೀಪ, ಅಕ್ಷರದ ನೆರಳು. ನಿಜ ಹೇಳಿ, ಅದಕ್ಕೆ ಎಷ್ಟು ಹೊತ್ತು ಹಾಕಿದಿರಿ?

ಹೊಸಬ48

6 ಗಂಟೆ. ಮೊದಲ ದಿನ ಮೊದಲು ಮಾಡಿದ್ದೇ ಅದು. 5ನೇ ಲೆವೆಲ್ ಕೊನೆಯ 40 ನಿಮಿಷದಲ್ಲಿ ಮಾಡಿದ್ದು.

ಚೌಕಚುಕ್ಕಿ

ಗೊತ್ತಾಗುತ್ತದೆ. 5ನೇ ಲೆವೆಲ್‌ನಲ್ಲಿ ಬಾಗಿಲು ಗಾಳಿಯಲ್ಲಿ ತೇಲುತ್ತಿದೆ.

ಗುಂಡುಸೂಜಿ

ನಾನು ಅದು ಮಾಯಾ ಬಾಗಿಲು ಅಂದುಕೊಂಡಿದ್ದೆ. ಇರಲಿ, ಜಂಪ್ ಬಗ್ಗೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ‘ಅರ್ಧ ಮಾಡಿ’ ಅಂತ ಮದ್ದು ಹೇಳುವ ಬದಲು ‘ಮೊದಲ ಗೋಡೆಯ ಎರಡು ಪಟ್ಟಿಗಿಂತ ಮೇಲೆ ಹೋಗುತ್ತಿದ್ದೇನೆ’ ಅಂತ ಕಂಡದ್ದನ್ನು ಬರೆದಿದ್ದರೆ ರಾತ್ರಿಪಾಳಿಯವರಿಗಿಂತ ಮೊದಲೇ ಯಾರಿಗಾದರೂ ಹೊಳೆಯುತ್ತಿತ್ತು. ಮೂರನೇಬೆಂಚ್ ಬರೆದದ್ದು ನೋಡಿ, ‘ಗೋಡೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ’ ಅಂತ. 60 ಪಿಕ್ಸೆಲ್, 96ರ ಗೋಡೆ. ಅಳತೆ ಕರೆಕ್ಟಾಗಿದೆ! ಮುಳ್ಳು ಮತ್ತು 4 ಸೆಕೆಂಡಿನ ವಿಷಯ ಮಾತ್ರ ವಾಪಸ್ ಇಲ್ಲ.

ಬಾಣದಕೀ

ಜಂಪ್ ಸರಿ ಮಾಡುವಾಗ ಇನ್ನೆರಡು ಚಿಕ್ಕ ಕೆಲಸ ಮಾಡಿ. ಅಂಚು ದಾಟಿ ಕಾಲು ಗಾಳಿಗೆ ಬಿದ್ದ ಮೇಲೂ 0.1 ಸೆಕೆಂಡ್ ಹಾರಲು ಬಿಡಿ, 60 ಫ್ರೇಮ್‌ನಲ್ಲಿ ಅದು 6 ಫ್ರೇಮ್. ಇದಕ್ಕೆ ಕಯೋಟಿ ಟೈಮ್ ಅಂತಾರೆ. ಇನ್ನೊಂದು, ನೆಲ ಮುಟ್ಟುವ ಸ್ವಲ್ಪ ಮೊದಲೇ ಜಂಪ್ ಒತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು ನೆಲ ಮುಟ್ಟಿದ ಕೂಡಲೇ ಹಾರಿಸುವುದು. ನಿಮ್ಮ ಗೇಮಿನಲ್ಲಿ ಹಾರುವುದಕ್ಕೆ ಎಣ್ಣೆ ಖರ್ಚಾಗುವುದರಿಂದ ಇದು ಇನ್ನೂ ಮುಖ್ಯ. ಒತ್ತಿದೆ, ಹಾರಲಿಲ್ಲ, ಬಿದ್ದೆ ಅಂದರೆ ಆಟಗಾರನಿಗೆ ತನ್ನ ಬೆರಳಿನ ಮೇಲಲ್ಲ, ಗೇಮಿನ ಮೇಲೆ ಸಿಟ್ಟು ಬರುತ್ತದೆ.

ಸೆಲೆಸ್ಟ್ ಅನ್ನುವ ಹೆಸರಾಂತ ಗೇಮ್‌ನಲ್ಲೂ ಇದೇ 0.1 ಸೆಕೆಂಡ್ ಇದೆ. ಅಂದ ಹಾಗೆ ಅದರ ಮೊದಲ ರೂಪವನ್ನು 2015ರಲ್ಲಿ ಪಿಕೊ-8 ಅನ್ನುವ, ಪುಟ್ಟ ಗೇಮ್ ಮಾಡುವ ಟೂಲ್‌ನಲ್ಲಿ 4 ದಿನದಲ್ಲಿ ಮಾಡಿದ್ದರು, ಪೂರ್ತಿ ಗೇಮ್ ಬಂದದ್ದು 2018ರಲ್ಲಿ. ಬಾಬಾ ಈಸ್ ಯೂ ಅನ್ನುವ ಗೇಮ್ ಕೂಡ 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ ಹುಟ್ಟಿದ್ದು. ನಿಮ್ಮದೂ ಹಾಗಾಗುತ್ತದೆ ಅಂತ ಹೇಳುತ್ತಿಲ್ಲ, ತಲೆ ತಿರುಗುವುದು ಬೇಡ. ಆದರೆ ಎಣ್ಣೆ ಖರ್ಚಾಗುವ ಐಡಿಯಾ ಬಿಸಾಡುವಂಥದ್ದಲ್ಲ.

ಹೊಸಬ48

ರಾತ್ರಿಪಾಳಿಯವರು ಹೇಳಿದ ಹಾಗೆ ಮಾಡಿದೆ. ಎಲ್ಲಾ ಫಿಸಿಕ್ಸ್ ಪ್ರಾಸೆಸ್‌ಗೆ ಹಾಕಿ, ಕೊಲೈಡ್‌ಗೆ ಕೊಡುವಾಗ ಡೆಲ್ಟಾ ಗುಣಿಸಿದೆ. ಈಗ ಹುಡುಗ ಕದಲುವುದೇ ಇಲ್ಲ! ಕಣ್ಣಿಟ್ಟು ನೋಡಿದರೆ ಬಸವನ ಹುಳುವಿನ ಹಾಗೆ ಸರಿಯುತ್ತಿದ್ದಾನೆ. ಅದಕ್ಕೆ 5 ಇದ್ದದ್ದನ್ನು 300, 12 ಇದ್ದದ್ದನ್ನು 720 ಮಾಡಿದೆ. ನಡಿಗೆ ಸರಿಯಾಯಿತು. ಖುಷಿಯಿಂದ ಜಂಪ್ ಒತ್ತಿದೆ. ಹುಡುಗ ಚಾವಣಿಗೆ ಹೋಗಿ ಅಂಟಿಕೊಂಡ, ಕೆಳಗೆ ಬರುತ್ತಲೇ ಇಲ್ಲ. ಚಾವಣಿ ತೆಗೆದು ನೋಡಿದೆ, ರಾಕೆಟ್ ಹಾಗೆ 20 ಸೆಕೆಂಡ್ ಮೇಲಕ್ಕೇ ಹೋದ. ಏನು ತಪ್ಪು ಮಾಡಿದೆ?

ರಾತ್ರಿಪಾಳಿ

ಹಹ್ಹಹ್ಹಾ. ಗ್ರಾವಿಟಿ ಇನ್ನೂ 36 ಇದೆ ಅಲ್ವಾ? ವೇಗವನ್ನು ‘ಸೆಕೆಂಡಿಗೆ ಇಷ್ಟು ಪಿಕ್ಸೆಲ್’ ಲೆಕ್ಕಕ್ಕೆ ತಂದಿರಿ, ಗ್ರಾವಿಟಿ ಹಳೇ ಲೆಕ್ಕದಲ್ಲೇ ಉಳಿಯಿತು. 720ನ್ನು 36ರಿಂದ ಭಾಗಿಸಿ, 20 ಬರುತ್ತದೆ. ನಿಮ್ಮ ಆ 20 ಸೆಕೆಂಡ್ ಅದೇ. ಗ್ರಾವಿಟಿಗೂ 60 ಗುಣಿಸಿ 2160 ಮಾಡಿ. 720ರ ವರ್ಗ ಭಾಗಿಸು 4320, ಮತ್ತೆ ಅದೇ 120 ಪಿಕ್ಸೆಲ್. ನೀವು ಹದ ಮಾಡಿಟ್ಟಿದ್ದ ಜಂಪ್ ಹಾಗೇ ವಾಪಸ್ ಸಿಗುತ್ತದೆ, ಲೆವೆಲ್ ಒಂದನ್ನೂ ಮುಟ್ಟಬೇಕಿಲ್ಲ.

ಆಮೇಲೆ ಮ್ಯಾಕ್ಸ್ ಎಫ್‌ಪಿಎಸ್‌ನ್ನು 30, 60, 144 ಅಂತ ಬದಲಾಯಿಸಿ ಮೂರು ಸಲ ಆಡಿ ನೋಡಿ. ನಿಮ್ಮ ಮಾನಿಟರ್ 60ರದ್ದಾದರೆ ಡೆಸ್ಕ್‌ಟಾಪ್‌ನಲ್ಲಿ ವಿ-ಸಿಂಕ್ (ಫ್ರೇಮ್ ಓಟವನ್ನು ಮಾನಿಟರ್ ವೇಗಕ್ಕೆ ಕಟ್ಟುವ ಆಪ್ಷನ್) ಆಫ್ ಮಾಡಿ, ಇಲ್ಲದಿದ್ದರೆ 144 ಬರುವುದಿಲ್ಲ. ಬೇರೆಯವರ ಮೆಷಿನ್ ಹುಡುಕುವ ಮೊದಲು ಇಷ್ಟು ಮನೆಯಲ್ಲೇ ಗೊತ್ತಾಗುತ್ತದೆ.

ಮೂರನೇಬೆಂಚ್

ಜಾಮ್ ಬಿಲ್ಡ್ (ಜಾಮ್‌ಗೆ ಕೊಟ್ಟ ಗೇಮ್ ಫೈಲ್) ಅಳಿಸಬೇಡಿ. ಹೊಸದನ್ನು ಬೇರೆ ಫೈಲ್ ಆಗಿ ಹಾಕಿ, ‘ಜಾಮ್ ನಂತರದ್ದು’ ಅಂತ ಹೆಸರು ಕೊಡಿ. ಮೊದಲನೆಯದು ಹೇಗಿತ್ತು ಅಂತ ನಿಮಗೇ ಒಂದು ದಿನ ನೋಡಬೇಕು ಅನ್ನಿಸುತ್ತದೆ. ಮುಂದಿನ ಸಲ ರೇಟಿಂಗ್ ನಡೆಯುತ್ತಿರುವಾಗಲೇ ಇಂಥ ಬಗ್ ಸಿಕ್ಕಿದರೆ ಆ ಜಾಮ್‌ನ ನಿಯಮ ನೋಡಿ, ಒಂದೊಂದು ಜಾಮ್‌ನಲ್ಲಿ ಒಂದೊಂದು ಥರ.

ಹೊಸಬ48

2160 ಕೆಲಸ ಮಾಡಿತು!! ಮೂರರಲ್ಲೂ ಒಂದೇ ಎತ್ತರ. ಇನ್ನೊಂದು ಪ್ರಶ್ನೆ, ಸುಮ್ನೆ ಕುತೂಹಲಕ್ಕೆ. ಜಾಮ್ ನಡೆದ ಇಚ್ ಡಾಟ್ ಐಓ ಸೈಟ್‌ನಲ್ಲಿ ನನ್ನ ಸರಾಸರಿ 3.6 ಅಂತ ಇದೆ, ಆದರೆ ಪಟ್ಟಿಯಲ್ಲಿ 2.7 ತೋರಿಸುತ್ತದೆ. ಯಾರಾದರೂ ಕಟ್ ಮಾಡಿದರಾ?

ಬಾಣದಕೀ

ಯಾರೂ ಕಟ್ ಮಾಡಿಲ್ಲ, ವೋಟು ಸಾಲಲಿಲ್ಲ. ಆ ಜಾಮ್‌ನ ಎಲ್ಲಾ ಗೇಮ್‌ಗಳ ವೋಟಿನ ಸಂಖ್ಯೆಯಲ್ಲಿ ನಟ್ಟನಡುವಿನದು, ಅಂದರೆ ಮೀಡಿಯನ್, ತೆಗೆದುಕೊಳ್ಳುತ್ತಾರೆ. ನಿಮಗೆ ಅದಕ್ಕಿಂತ ಕಡಿಮೆ ವೋಟು ಬಂದಿದ್ದರೆ ನಿಮ್ಮ ವೋಟನ್ನು ಮೀಡಿಯನ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, ಸರಾಸರಿಗೆ ಗುಣಿಸುತ್ತಾರೆ. ನಿಮಗೆ 9 ವೋಟು. ಮೀಡಿಯನ್ 16 ಇದ್ದಿರಬೇಕು, 9/16ರ ವರ್ಗಮೂಲ 0.75, ಅದಕ್ಕೆ 3.6 ಗುಣಿಸಿದರೆ 2.7. ಇಬ್ಬರೇ ಗೆಳೆಯರಿಂದ 5 ಸ್ಟಾರ್ ಹಾಕಿಸಿಕೊಂಡು ಮೊದಲನೇ ಸ್ಥಾನಕ್ಕೆ ಬರಬಾರದು ಅಂತ ಈ ವ್ಯವಸ್ಥೆ. ಲುಡಮ್ ಡೇರ್ ಅನ್ನುವ ಜಾಮ್‌ನಲ್ಲಿ ಇನ್ನೊಂದು ಥರ, ಅಲ್ಲಿ 20 ರೇಟಿಂಗ್ ಬರದಿದ್ದರೆ ಸ್ಕೋರೇ ಸಿಗುವುದಿಲ್ಲ.

ನೀವು ಬೇರೆಯವರ ಗೇಮ್ ಎಷ್ಟು ಆಡಿದಿರಿ?

ಹೊಸಬ48

ಎರಡು. ನಾಚಿಕೆಯಾಗಿ, ಯಾರ ಪುಟಕ್ಕೂ ಹೋಗದೆ ನನ್ನ ಪುಟ ರಿಫ್ರೆಶ್ ಮಾಡುತ್ತಾ ಕೂತಿದ್ದೆ.

ಬಾಣದಕೀ

ಅಲ್ಲೇ ಇರುವುದು. ನೀವು ಆಡಿ ನಾಲ್ಕು ಸಾಲು ಬರೆದರೆ ಅವರೂ ಬಂದು ನಿಮ್ಮದು ಆಡುತ್ತಾರೆ. ದಿನಕ್ಕೆ ಮೂರು ಆಡಿದ್ದರೂ ಆ 16 ದಾಟುತ್ತಿತ್ತು. ಅದರ ಜೊತೆ ಬೇರೆಯವರ ಗೇಮ್‌ನಲ್ಲೂ ಇದೇ ಡೆಲ್ಟಾ ಬಗ್ ಎಷ್ಟು ಸಲ ಕಾಣಿಸುತ್ತದೆ ನೋಡಿ, ಸಮಾಧಾನವಾಗುತ್ತದೆ.

ಹೊಸಬ48

ಹೊಸ ಬಿಲ್ಡ್ ಹಾಕಿದ್ದೇನೆ. ಸತ್ತ ಮೇಲೆ ಅರ್ಧ ಸೆಕೆಂಡ್, ಮುಳ್ಳು ಚಿಕ್ಕದಾಗಿದೆ, ಸಂಗೀತ ಇಳಿದಿದೆ, ಕ್ಲಿಕ್ ಪರದೆ ಬಂತು, ಕಲ್ಲಿಗೆ ತಿಳಿ ಗೆರೆ ಬಂತು. ಕಯೋಟಿ ಟೈಮ್ ಹಾಕಿದ ಮೇಲೆ ನಾನೇ ಕಡಿಮೆ ಸಾಯುತ್ತಿದ್ದೇನೆ. 5ನೇ ಲೆವೆಲ್ ಬಾಗಿಲು ನೆಲಕ್ಕೆ ತಂದೆ. ಮೇನ್ ಮೆನು ಮುಟ್ಟಿಲ್ಲ, ಅದು ಹಾಗೇ ಇರಲಿ.

ಮೂರನೇಬೆಂಚ್

ಗೋಡೆ ಹತ್ತಿದೆ!!! ಆಚೆ ಕಡೆ ಇಳಿದ ತಕ್ಷಣ ಮುಳ್ಳಿನ ಮೇಲೆ ಬಿದ್ದು ಸತ್ತೆ, ಆದರೂ ಖುಷಿ. 3ನೇ ಲೆವೆಲ್‌ವರೆಗೆ ಹೋದೆ. ಅಲ್ಲಿ ಒಂದು ಬಾವಲಿ ಗೋಡೆಯೊಳಗೆ ಸಿಕ್ಕಿಕೊಂಡು ಸುಮ್ನೆ ನಡುಗುತ್ತಾ ನಿಂತಿದೆ. ಅದರ ಮೇಲೆ ಕಾಲಿಟ್ಟು ಹತ್ತಿದರೆ ಎಣ್ಣೆ ಖರ್ಚಿಲ್ಲದೆ ಬಾಗಿಲಿಗೆ ಹೋಗಬಹುದು. ಇದು ಬೇಕು ಅಂತ ಇಟ್ಟಿದ್ದಾ?

ಹೊಸಬ48

ಇಲ್ಲ, ಅದು ಬಗ್. ಬಾವಲಿಯ ಕೋಡ್ ಇನ್ನೂ ಹಳೇ ಪ್ರಾಸೆಸ್ ಫಂಕ್ಷನ್‌ನಲ್ಲೇ ಉಳಿದಿದೆ. ...ಆದರೆ ಅದರ ಮೇಲೆ ಕಾಲಿಟ್ಟು ಹತ್ತುವುದು ಹೇಗಿತ್ತು, ಮಜಾ ಬಂತಾ?

ಮೂರನೇಬೆಂಚ್

ತುಂಬಾ.